ಹತ್ತು ಹಳದಿ ಟೋಪಿ

ಪುಕ್ಕಲಕ್ಕ ಯಾರು ಅಂತ ಸೋಪಿನ ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಕೇಳಿ ನೋಡಿ. ಮೂರನೇ ಮೇಜಿನ ಕೊನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ನಿಂತವಳ ಕಡೆ ಎಲ್ಲರೂ ಬೆರಳು ತೋರಿಸುತ್ತಾರೆ. ಕಿಟಕಿಗೆ ಬೆನ್ನು ಯಾಕೆ ಅಂದರೆ, ಹೊರಗೆ ಲಾರಿಗಳು ಹಿಂದಕ್ಕೆ ಬರುವುದನ್ನು ನೋಡಿದರೆ ಅವಳ ಎದೆ ಹೊಡೆದುಕೊಳ್ಳುತ್ತದೆ. ಲಿಫ್ಟ್ ಅಂದರೆ ಹೆದರಿಕೆ, ಗ್ಯಾಸ್ ಸಿಲಿಂಡರ್ ಅಂದರೆ ಹೆದರಿಕೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರಂತೂ ಕೇಳಲೇಬೇಡಿ. ಅವಳ ಗಂಡ ಕೊಳಾಯಿ ರಿಪೇರಿಯವನು, ಬಾಯಿ ಸ್ವಲ್ಪ ಜಾಸ್ತಿ. "ಹಗ್ಗ ಕಂಡು ಹಾವು ಅನ್ನೋರನ್ನ ನೋಡಿದೀನಿ ಕಣೇ. ನೀನು ಹಗ್ಗ ಅನ್ನೋ ಮಾತು ಕೇಳಿದ್ರೇ ಮಂಚ ಹತ್ತೋಳು" ಅಂತ ಗೇಲಿ ಮಾಡುತ್ತಾನೆ.

ಆದರೆ ಎಣಿಕೆಯ ವಿಷಯಕ್ಕೆ ಬಂದರೆ ಅವಳ ಮುಂದೆ ಯಾರೂ ನಿಲ್ಲುವಂತಿಲ್ಲ. ಪೆಟ್ಟಿಗೆಗೆ ಹತ್ತು ಸೋಪು. ಬೆಲ್ಟಿನ ಮೇಲೆ ಹರಿದು ಬರುವ ಸೋಪನ್ನು ಎರಡೆರಡಾಗಿ ಎತ್ತಿ, ಎರಡು, ನಾಲ್ಕು, ಆರು, ಎಂಟು, ಹತ್ತು, ಮುಚ್ಚಳ. ಹನ್ನೊಂದು ವರ್ಷದಲ್ಲಿ ಅವಳ ಮೇಜಿನ ಒಂದು ಪೆಟ್ಟಿಗೆಯೂ ಕಡಿಮೆ ಅಂತ ವಾಪಸ್ ಬಂದಿಲ್ಲ. ಕಣ್ಣು ಹಾಯಿಸುವುದೂ ಇಲ್ಲ, ಕೈಗೇ ಗೊತ್ತು. "ಸೋಪಿನ ಮುಖ ಏನು ನೋಡೋದು?" ಅಂತ ನಗುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ಏಳು ವರ್ಷ, ಎರಡನೇ ಕ್ಲಾಸು. ಗುಂಡಗೆ ಪುಟ್ಟದಾಗಿ ಇರುವುದರಿಂದ ಎಲ್ಲರ ಬಾಯಲ್ಲೂ ಅವಳು ಬಟಾಣಿ. ಆ ಶಾಲೆಯಲ್ಲಿ ವರ್ಷವಿಡೀ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ: ನಾಟಕ, ಓಟದ ಪಂದ್ಯ, ಕೈತೋಟ. ನಾಟಕದಲ್ಲಿ ಬಟಾಣಿಗೆ ಮರ ಹತ್ತುವ ಅಳಿಲಿನ ಪಾತ್ರ ಸಿಕ್ಕಾಗ ಪುಕ್ಕಲಕ್ಕ ಹೋಗಿ ಕೈಮುಗಿದು, ಅದನ್ನು ಮರದ ಕೆಳಗೆ ಕೂರುವ ಅಳಿಲು ಮಾಡಿಸಿಕೊಂಡು ಬಂದಳು. ಶಾಲೆಯವರು ಎರಡು ಸಲ ಪ್ರವಾಸ ಹೊರಟಾಗಲೂ ಮಗಳಿಗೆ ಜ್ವರ ಅಂತ ಚೀಟಿ ಬರೆದು ಕಳಿಸಿದಳು. ಮಗು ಇಡೀ ದಿನ ಮನೆಯ ಕಿಟಕಿಯಲ್ಲಿ ಕೂತಿತ್ತು. ಇದು ಮೂರನೇ ಸಲ, ವಿಜ್ಞಾನದ ಮ್ಯೂಸಿಯಂಗೆ. ಶಾಲೆಯ ಕಾಗದ ಕೈಯಲ್ಲಿ ಹಿಡಿದು ಬಟಾಣಿ ತಣ್ಣಗೆ ಕೇಳಿತು, "ಅಮ್ಮಾ, ಈ ಸಲ ನಂಗೆ ಯಾವ ಜ್ವರ ಬರುತ್ತೆ?"

ಆ ಮಾತು ಚುರುಕ್ಕೆಂದಿತು. ಕಾಗದದ ಕೆಳಗೆ ಒಂದು ಸಾಲಿತ್ತು: ಜೊತೆಗೆ ಬರಲು ಒಪ್ಪುವ ಪೋಷಕರು ಸಹಿ ಮಾಡಿ. ಕಳಿಸಿದರೆ ತಾನೇ ಹೆದರಿಕೆ, ಜೊತೆಗೇ ಹೋಗಿಬಿಟ್ಟರೆ? ರಜ ಹಾಕಿ ಸಹಿ ಮಾಡಿಯೇಬಿಟ್ಟಳು.

ಬಸ್ಸಿಗೆ ಇಪ್ಪತ್ತು ಮಕ್ಕಳು. ಹತ್ತು ಜನ ಟೀಚರ್ ಜವಾಬ್ದಾರಿ, ಹತ್ತು ಜನ ಪುಕ್ಕಲಕ್ಕನ ಜವಾಬ್ದಾರಿ, ಬಟಾಣಿಯೂ ಆ ಹತ್ತರಲ್ಲೇ. ಟೀಚರ್ ವಯಸ್ಸಿನಲ್ಲಿ ಚಿಕ್ಕವರು, ಮಾತು ಮಾತ್ರ ಖಡಕ್. ಹಿಂದಿನ ದಿನವೇ ಅವಳನ್ನು ಶಾಲೆಗೆ ಕರೆಸಿ ಹೇಳಿದರು, "ಒಂದು ವಿಷಯ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಜೊತೆಗೆ ಬರೋ ತಾಯಂದಿರು ತಮ್ಮ ಮಗೂನೇ ತಬ್ಕೊಂಡು ಕೂತ್ಬಿಡ್ತಾರೆ, ಮಿಕ್ಕವರನ್ನ ಕೇಳೋರೇ ಇರಲ್ಲ. ನಾಳೆ ನೀವು ಹತ್ತೂ ಮಕ್ಕಳಿಗೆ ಆಂಟಿ. ಆಯ್ತಾ?"

ಪುಕ್ಕಲಕ್ಕ ತಲೆಯಾಡಿಸಿದಳು. ಯಾರಾದರೂ ಒಂದು ಮಾತು ಹೇಳಿದರೆ ಅದನ್ನು ನೂರಕ್ಕೆ ನೂರು ಪಾಲಿಸುವ ಜಾತಿ ಅವಳದು. ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು ಹೇಳಿದಳು, "ನಾಳೆ ನನ್ನ ಅಮ್ಮ ಅನ್ಬೇಡ. ಎಲ್ಲರ ಹಾಗೆ ಆಂಟಿ ಅನ್ನು. ಕೈ ಹಿಡ್ಕೊಂಡು ನೇತಾಡಬಾರದು."

"ಎಷ್ಟು ಹೊತ್ತಿನ ತನಕ?"

"ವಾಪಸ್ ಸ್ಕೂಲ್ ಗೇಟಿಗೆ ಬರೋ ತನಕ."

ಬಟಾಣಿ ಒಂದು ಗಳಿಗೆ ಯೋಚಿಸಿ, "ಆಯ್ತು ಆಂಟಿ" ಅಂತ ಅಲ್ಲೇ ಶುರು ಹಚ್ಚಿಕೊಂಡಿತು. ಗಂಡ ಬಿದ್ದು ಬಿದ್ದು ನಕ್ಕ.

ಬೆಳಿಗ್ಗೆ ಬಸ್ ಹೊರಡುವ ಮೊದಲೇ ಪುಕ್ಕಲಕ್ಕ ಅದರ ಚಕ್ರಗಳನ್ನೆಲ್ಲ ಒಂದು ಸುತ್ತು ನೋಡಿ ಬಂದಳು. ಹತ್ತೂ ಮಕ್ಕಳನ್ನು ನಿಲ್ಲಿಸಿಕೊಂಡು ತನ್ನ ಕಾನೂನು ಹೇಳಿದಳು. "ನಾನು ಎಣಿಸುವಾಗ ಯಾರೂ ಅಲುಗಾಡಬಾರದು, ಯಾರೂ ಮಾತಾಡಬಾರದು. ಮಾತಾಡಿದ್ರೆ ಲೆಕ್ಕ ತಪ್ಪುತ್ತೆ. ಲೆಕ್ಕ ತಪ್ಪಿದ್ರೆ ಯಾರಾದರೂ ಒಬ್ರು ಅಲ್ಲೇ ಉಳಿದುಹೋಗ್ತೀರ!" ಮಕ್ಕಳು ಕಣ್ಣು ಕಣ್ಣು ಬಿಟ್ಟವು. ತನ್ನ ಹೆದರಿಕೆಯನ್ನು ಹತ್ತು ಪಾಲು ಮಾಡಿ ಹಂಚಿದ ಮೇಲೆ ಅವಳಿಗೆ ಕೊಂಚ ಹಗುರವೆನಿಸಿತು.

ಮ್ಯೂಸಿಯಂ ಬಾಗಿಲಲ್ಲಿ ಮಕ್ಕಳಿಗೆಲ್ಲ ಹಳದಿ ಟೋಪಿ ಕೊಟ್ಟರು. ಒಳಗೆ ಬೇರೆ ಶಾಲೆಯವರೂ ಬಂದಿದ್ದರು. ಅವರಿಗೂ ಹಳದಿ ಟೋಪಿ, ಅವರದೂ ನೀಲಿ ಯೂನಿಫಾರಂ. ಪುಕ್ಕಲಕ್ಕ ಎಣಿಸಿದ್ದೇ ಎಣಿಸಿದ್ದು. ತಿಮಿಂಗಿಲದ ಎಲುಬಿನ ಹತ್ತಿರ ಹತ್ತು, ನೀರಿನ ಯಂತ್ರದ ಹತ್ತಿರ ಹತ್ತು, ಬಚ್ಚಲುಮನೆಯ ಬಾಗಿಲಲ್ಲಿ ಹತ್ತು. ಎಲುಬಿನ ಉದ್ದ ಎಷ್ಟು, ಯಂತ್ರ ಹೇಗೆ ತಿರುಗುತ್ತದೆ, ಒಂದೂ ಅವಳ ತಲೆಗೆ ಹೋಗಲಿಲ್ಲ. ಮಗಳ ಕಡೆ ಬೇಕೆಂದೇ ನೋಡಲಿಲ್ಲ, ಟೀಚರ್ ಏನಾದರೂ ಅಂದುಕೊಂಡಾರು ಅಂತ.

ಕೊನೆಗೆ ನಕ್ಷತ್ರದ ಕೋಣೆ. ಬಾಗಿಲು ಹಾಕಿ ದೀಪ ಆರಿಸಿದರು. ಅಯ್ಯೋ ದೇವರೇ, ಅಂಥ ಕತ್ತಲು! ಚಾವಣಿಯ ಮೇಲೆ ಚುಕ್ಕಿಗಳು ಮಿನುಗಿದವು, ಎರಡೂ ಶಾಲೆಯ ಮಕ್ಕಳು ಒಟ್ಟಿಗೇ ಹೋ ಅಂದವು. ಆಗ ಪುಕ್ಕಲಕ್ಕನ ಅಂಗೈಗೆ ಸಣ್ಣ ಬೆರಳುಗಳು ಬಂದು ತಾಗಿದವು. ಯಾರ ಬೆರಳು ಅಂತ ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಆಂಟಿ, ಕೈ ಹಿಡ್ಕೊಳ್ಳಲಾ? ಸ್ವಲ್ಪ ಹೊತ್ತು?"

"ಸಾಲಲ್ಲಿ ನಿಂತ್ಕೋ ಪುಟ್ಟಿ" ಅಂತ ಪಿಸುಗುಟ್ಟಿ ಕೈ ಬಿಡಿಸಿಕೊಂಡಳು. ಮೆಲ್ಲಗೇ ಬಿಡಿಸಿಕೊಂಡಳು, ಬೈಯಲಿಲ್ಲ.

ದೀಪ ಹತ್ತಿತು. ಆ ಕಡೆ ಒಂದು ಬಾಗಿಲು, ಈ ಕಡೆ ಒಂದು ಬಾಗಿಲು, ಮಧ್ಯೆ ಹಳದಿ ಟೋಪಿಗಳ ನೂಕುನುಗ್ಗಲು. ಪುಕ್ಕಲಕ್ಕ ಈಚೆ ಬಾಗಿಲ ಮೆಟ್ಟಿಲ ಮೇಲೆ ನಿಂತು, ಕೆಳಗಿಳಿಯುವ ಟೋಪಿಗಳನ್ನು ಹಿಂದಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು. ಎರಡು, ನಾಲ್ಕು, ಆರು, ಎಂಟು. ಕೈ ಕೆಳಗಿನ ಒಂದು ಟೋಪಿ ತಿರುಗಿ "ಆಂಟೀ..." ಅಂದಿತು.

"ಶ್! ಎಣಿಸುವಾಗ ಮಾತಾಡಬಾರದು ಅಂದಿಲ್ವಾ?"

ಟೋಪಿ ಸುಮ್ಮನಾಯಿತು. ಹತ್ತು. ಬಸ್ಸು ಹತ್ತಿದ ಮೇಲೆ ತನ್ನ ಪಾಲಿನ ಸೀಟುಗಳ ಮೇಲೆ ಕಾಣುವ ಟೋಪಿಗಳನ್ನು ಇನ್ನೊಂದು ಸಲ ಎಣಿಸಿದಳು. ಹತ್ತು. "ಸರಿ ಇದೆ ಟೀಚರ್!" ಅಂತ ಕೂಗಿದಳು. ಬಸ್ಸು ಹೊರಟಿತು. ಯಾರೂ ಜಾರಿ ಬೀಳದಿರಲಿ ಅಂತ ಬಾಗಿಲ ಹತ್ತಿರದ ಸೀಟಿನಲ್ಲೇ ಕೂತು, ಬೆಳಗಿನಿಂದ ಮೊದಲ ಸಲ ಬೆನ್ನು ಒರಗಿಸಿದಳು.

ಅರ್ಧ ದಾರಿಯಲ್ಲಿ ಬಿಸ್ಕತ್ತು ಹಂಚಲು ಎದ್ದಳು. ಹಿಂದಿನ ಸಾಲಿನ ಕಿಟಕಿಯ ಪಕ್ಕ ಕೂತ ಹುಡುಗಿ ಕೈ ಚಾಚಲಿಲ್ಲ. ಮುಂದಿನ ಎರಡು ಹಲ್ಲಿಲ್ಲದ ಮಗು.

"ತಗೋ ಪುಟ್ಟಿ."

"ನಾನು ನಿಮ್ಮ ಬಸ್ಸಿನೋಳಲ್ಲ ಆಂಟಿ" ಅಂದಿತು ಮಗು. "ಆಗ್ಲೇ ಹೇಳೋಕೆ ಬಂದೆ. ನೀವು ಶ್ ಅಂದ್ರಿ."

ಬಿಸ್ಕತ್ತಿನ ಪೊಟ್ಟಣ ಕೈಯಿಂದ ಜಾರಿತು. ಲೆಕ್ಕಕ್ಕೆ ಹತ್ತು, ಅದರಲ್ಲಿ ಒಬ್ಬಳು ಬೇರೆಯವಳು ಅಂದರೆ ನಮ್ಮವರಲ್ಲಿ ಒಬ್ಬರಿಲ್ಲ. ಯಾರ ಮಗು? ಯಾವ ತಾಯಿಗೆ ಏನಂತ ಮುಖ ತೋರಿಸಲಿ? ಒಂದೊಂದೇ ಟೋಪಿಯನ್ನು ಮೇಲೆತ್ತಿ ಮುಖ ನೋಡುತ್ತಾ ಬಂದಳು. ಮಂಡಿಗೆ ಪಟ್ಟಿ ಕಟ್ಟಿದವನು ಇದ್ದಾನೆ. ಅವಳಿ ಜವಳಿ ಇಬ್ಬರೂ ಇದ್ದಾರೆ. ಕನ್ನಡಕದವಳು ಇದ್ದಾಳೆ. ಸದಾ ಮೂಗು ಸುರಿಸುವವನು ಇದ್ದಾನೆ. ಮಿಕ್ಕ ನಾಲ್ವರೂ ಇದ್ದಾರೆ. ಒಂಬತ್ತು ಮನೆಯ ಮಕ್ಕಳೂ ಇದ್ದಾರೆ. ಹಾಗಾದರೆ ಇಲ್ಲದೆ ಇರುವುದು ಯಾರು?

ಕೇಳಿ, ಅವಳಿಗೆ ಅದು ಹೊಳೆಯಲು ಒಂದು ಕ್ಷಣ ಹಿಡಿಯಿತು. ಆ ಒಂದು ಕ್ಷಣಕ್ಕೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುವ ಗಾದೆಗೆ ನಾವು ನಗುತ್ತೇವೆ. ಇವಳದು ಅದರ ತಿರುಗುಮುರುಗು. ಕಂಕುಳಲ್ಲಿ ಯಾರದೋ ಕೂಸು, ತನ್ನ ಕೂಸು ಎಲ್ಲಿದೆಯೋ ಗೊತ್ತಿಲ್ಲ. ಸೀಟು ಸೀಟು ಹಿಡಿದುಕೊಂಡು ಮುಂದಕ್ಕೆ ಓಡಿದಳು. ಡ್ರೈವರ್ ಕನ್ನಡಿಯಲ್ಲಿ ಅವಳ ಮುಖ ಕಂಡು, ಯಾರೂ ಹೇಳದೆಯೇ ಬಸ್ಸನ್ನು ರಸ್ತೆಯ ಅಂಚಿಗೆ ಹಾಕಿ ನಿಲ್ಲಿಸಿದ.

ಟೀಚರ್ ಮ್ಯೂಸಿಯಂಗೆ ಫೋನ್ ಮಾಡಿದರು. ಅಲ್ಲಿಯವರು ಕೋಣೆ ಕೋಣೆ ನೋಡಿ ಬಂದು, ಇಲ್ಲಿ ಯಾವ ಮಗುವೂ ಇಲ್ಲ ಅಂದರು. ಪುಕ್ಕಲಕ್ಕನ ಕಣ್ಣ ಮುಂದೆ ಮ್ಯೂಸಿಯಂ ಎದುರಿನ ಅಗಲ ರಸ್ತೆ ಬಂತು, ಅದರ ಮೇಲೆ ಹಿಂದಕ್ಕೆ ಬರುವ ಲಾರಿ ಬಂತು. ಹನ್ನೊಂದು ವರ್ಷ ಬೆನ್ನು ಹಾಕಿ ನಿಂತಿದ್ದಳಲ್ಲ, ಅದೇ ಲಾರಿ. ಗಂಡನಿಗೆ ಹೇಳಬೇಕು ಅಂತ ಫೋನ್ ತೆಗೆದಳು. ಏನಂತ ಹೇಳುವುದು? ಜ್ವರ ಅಂತ ಬರೆದು ಮನೆಯಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತಲ್ಲ ಅನ್ನಿಸಿ, ಒತ್ತದೆಯೇ ಫೋನ್ ಹಿಡಿದು ನಿಂತಳು.

ಹಲ್ಲಿಲ್ಲದ ಮಗುವಿನ ಬ್ಯಾಡ್ಜಿನಲ್ಲಿ ಅದರ ಶಾಲೆಯ ಹೆಸರಿತ್ತು. ಟೀಚರ್ ಆ ಶಾಲೆಗೆ ಫೋನ್ ಮಾಡಿ, ಅವರ ಬಸ್ಸಿನಲ್ಲಿರುವ ಮೇಡಂ ನಂಬರ್ ಇಸಿದುಕೊಂಡರು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೇ ಸಲ ಎತ್ತಿದರು. ಟೀಚರ್ ಸ್ಪೀಕರ್ ಹಾಕಿದರು.

"ಸಾಧ್ಯವೇ ಇಲ್ಲ" ಅಂದಿತು ಆ ಕಡೆಯ ದನಿ. "ನಮ್ಮ ಮಗು ನಿಮ್ಮ ಬಸ್ಸಲ್ಲಿ ಹೇಗಿರುತ್ತೆ? ಎರಡೆರಡು ಸಲ ಎಣಿಸಿದೀನಿ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಬೇಕಾದ್ರೆ ಇನ್ನೊಂದ್ಸಲ ಎಣಿಸ್ತೀನಿ, ಇರಿ."

ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡದ ಪುಕ್ಕಲಕ್ಕ ಟೀಚರ್ ಕೈಯಿಂದ ಫೋನ್ ಕಿತ್ತುಕೊಂಡಳು.

"ಎಣಿಸಬೇಡ್ರೀ!" ಅಂತ ಕಿರುಚಿದಳು. ಇಡೀ ಬಸ್ಸು ಬೆಚ್ಚಿತು. "ನಂದೂ ಸರಿಯಾಗೇ ಇತ್ತು! ನಂದೂ ಹತ್ತಕ್ಕೆ ಹತ್ತು ಇತ್ತು! ಎಣಿಸಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಟೋಪಿ ತೆಗ್ಸಿ ಮುಖ ನೋಡಿ!"

ಆ ಕಡೆ ಹೆಜ್ಜೆಯ ಸದ್ದು ಕೇಳಿಸಿತು, ಮಕ್ಕಳ ಗಲಾಟೆ ಕೇಳಿಸಿತು. ಪುಕ್ಕಲಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಲ್ಲಿಲ್ಲದ ಮಗು ಅವಳ ಸೀರೆಯ ತುದಿ ಹಿಡಿದುಕೊಂಡಿತ್ತು. ಎಷ್ಟು ಹೊತ್ತಾಯಿತೋ. ಆಮೇಲೆ ಆ ಮೇಡಂ ದನಿ ಬಂತು, ಮೊದಲಿನ ಜೋರು ಅದರಲ್ಲಿ ಇರಲಿಲ್ಲ.

"ಹಿಂದಿನ ಸೀಟಲ್ಲಿ ಒಂದು ಮಗು ಇದೆ ಕಣ್ರೀ. ಟೋಪಿ ಮುಖದ ಮೇಲೆ ಎಳ್ಕೊಂಡು ಕೂತಿದೆ. ನಮ್ಮದಲ್ಲ. ಗುಂಡಗಿದೆ. ಇರಿ, ಅದಕ್ಕೇ ಕೊಡ್ತೀನಿ."

ಸರಬರ ಸದ್ದು. ಉಸಿರಿನ ಸದ್ದು. ಅಳು ನುಂಗಿ ನುಂಗಿ ಸಣ್ಣಗಾಗಿದ್ದ ದನಿ.

"ಹಲೋ, ಆಂಟಿ?"

ಪುಕ್ಕಲಕ್ಕ ಬಸ್ಸಿನ ನೆಲದ ಮೇಲೇ ಕೂತುಬಿಟ್ಟಳು.

"ಅವರು ಎಣಿಸುವಾಗ ನಾನು ಮಾತಾಡ್ಲಿಲ್ಲ ಆಂಟಿ. ಅಲುಗಾಡ್ಲೂ ಇಲ್ಲ. ಆದ್ರೂ ನಾನು ಉಳಿದುಹೋದೆ."

"ಅಮ್ಮ ಕಣೇ" ಅಂದಳು ಅವಳು. "ಅಮ್ಮ ಅನ್ನು. ಅಮ್ಮ ಬರ್ತಾ ಇದೀನಿ."

"ಗೇಟಿಗೆ ಇನ್ನೂ ಬಂದಿಲ್ವಲ್ಲ" ಅಂದಿತು ಬಟಾಣಿ.

ಎರಡು ಬಸ್ಸೂ ನಡುದಾರಿಯ ಪೆಟ್ರೋಲ್ ಬಂಕಿನಲ್ಲಿ ಸೇರಿದವು. ಆ ಮೇಡಂ ಮುಖವೂ ಸುಣ್ಣದಂತೆ ಬಿಳುಚಿತ್ತು. ಅವರ ಮೇಲೆ ಪುಕ್ಕಲಕ್ಕನಿಗೆ ಸಿಟ್ಟು ಬರಲಿಲ್ಲ. ಯಾವ ಬಾಯಲ್ಲಿ ಬೈಯುವುದು? ಹಲ್ಲಿಲ್ಲದ ಮಗು ಓಡಿ ಹೋಗಿ ತನ್ನ ಬಸ್ಸು ಹತ್ತಿತು. ಬಟಾಣಿ ಇಳಿದು ಬಂದು, ಎರಡು ಮಾರು ದೂರದಲ್ಲೇ ನಿಂತು, ಕೈ ಎರಡನ್ನೂ ಪಕ್ಕಕ್ಕೆ ಇಳಿಬಿಟ್ಟು ಟೀಚರ್ ಮುಖ ನೋಡಿತು. ಕತ್ತಲಲ್ಲಿ ಬೆರಳು ಬಿಡಿಸಿಕೊಂಡವಳೇ ಈಗ ಹೋಗಿ ಆ ಕೈ ಹಿಡಿದುಕೊಂಡಳು. ಟೀಚರ್ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ವಾಪಸ್ ಬರುವಾಗ ಅವಳು ಎಣಿಸಲಿಲ್ಲ. ಮಡಿಲಲ್ಲಿ ಮಗಳನ್ನು ಕೂರಿಸಿಕೊಂಡು, ಟೀಚರ್ ಹತ್ತಿರದ ಪಟ್ಟಿ ನೋಡಿ ಇಪ್ಪತ್ತೂ ಮಕ್ಕಳ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿದಳು. ಪ್ರತಿಯೊಂದು ಮಗುವೂ ತಿರುಗಿ ಮುಖ ತೋರಿಸಿ "ಇದೀನಿ" ಅನ್ನಬೇಕು. ಎಲ್ಲರೂ ಅಂದರು. ಆದರೂ ಎರಡು ನಿಮಿಷಕ್ಕೊಮ್ಮೆ ಬಗ್ಗಿ ಮಡಿಲಲ್ಲಿರುವ ಮುಖ ನೋಡುತ್ತಿದ್ದಳು, ಇದು ಅದೇ ಮುಖ ತಾನೇ ಅಂತ.

"ಅಮ್ಮಾ" ಅಂದಿತು ಬಟಾಣಿ, ಶಾಲೆಯ ಗೇಟು ಕಂಡ ಮೇಲೆ. "ಕೈ ನೋಯ್ತಿದೆ."

ಪುಕ್ಕಲಕ್ಕ ಹಿಡಿತ ಸ್ವಲ್ಪ ಸಡಿಲಿಸಿದಳು. ಬಿಡಲಿಲ್ಲ.