ಅತ್ತಿಗೆಯ ಎಡಗೈ

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದಾಗ ನಾನು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದೆ. ನನ್ನ ಹೃದಯದ ಬೈಪಾಸಿಗೆ ಕೈಯ ರಕ್ತನಾಳವೊಂದನ್ನು ತೆಗೆಯಬೇಕಿತ್ತು. ಮೊಣಕೈವರೆಗೆ ಸೀಳಿ ತೆಗೆಯುವುದು ಹಳೆಯ ರೀತಿ, ನಾಳ ಕಣ್ಣೆದುರಿಗೇ ಇರುತ್ತದೆ. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಬಿಡಿಸಿಕೊಳ್ಳುವುದು ಹೊಸದು, ಗಾಯ ಬೇಗ ಮಾಯುತ್ತದೆ ಎಂದು ತರುಣ ಡಾಕ್ಟರು ವಿವರಿಸಿದರು. ಯಾವುದಾದರೂ ಸರಿ, ಉಳಿಯುವ ಇನ್ನೊಂದು ನಾಳ ಕೈಯನ್ನು ಸಾಕುತ್ತದೋ ಇಲ್ಲವೋ ಮೊದಲು ನೋಡಬೇಕೆಂದು ನನ್ನ ಮಣಿಕಟ್ಟನ್ನು ಎರಡೂ ಬದಿಗೆ ಒತ್ತಿ ಹಿಡಿದರು. ಅಂಗೈ ಬೆಳ್ಳಗಾಯಿತು... ಅಂಥದೇ ಬಿಳುಪನ್ನು ಐವತ್ತರ ದಶಕದಲ್ಲಿ ನನ್ನ ಅತ್ತಿಗೆಯ ಕೈಯಲ್ಲಿ ಕಂಡಿದ್ದೆ.

ಗಜೇಂದ್ರಗಡದಲ್ಲಿ ನಮ್ಮದು ಕೈಮಗ್ಗದ ಮನೆ. ನನಗಾಗ ಇಪ್ಪತ್ತು ದಾಟಿತ್ತು. ಅಣ್ಣ ಸೀರೆ ಮಾರಲು ನರಗುಂದಕ್ಕೆ ಹೋಗಿದ್ದ. ಒರೆಸುವಾಗ ಕಂದೀಲಿನ ಗಾಜು ಒಡೆದು ಅತ್ತಿಗೆಯ ಎಡ ಮಣಿಕಟ್ಟನ್ನು ಆಳವಾಗಿ ಸೀಳಿತು. ರಕ್ತ ಚಿಮ್ಮುತ್ತಿತ್ತು. ಹೆಬ್ಬೆರಳಿನಿಂದ ಗಾಯ ಒತ್ತಿ ಹಿಡಿದು, ಸಿಕ್ಕ ಮೋಟಾರಿನಲ್ಲಿ ಅವಳನ್ನು ರೋಣಕ್ಕೆ ಕರೆದೊಯ್ದೆ. ಗಾಡಿ ಕುಲುಕಿದಾಗ ಬೆರಳು ಜಾರಿ ರಕ್ತ ನನ್ನ ಮುಖಕ್ಕೆ ಹಾರಿತು. "ಗಟ್ಟಿ ಹಿಡೀಪಾ" ಎಂದಳು, ಅಷ್ಟೇ.

ರೋಣದ ಡಾಕ್ಟರು ಗಾಯ ನೋಡಿ ನನ್ನನ್ನು ಬಾಗಿಲಾಚೆ ಕರೆದರು. "ನಾಳ ಪೂರಾ ತುಂಡಾಗೇತಿ. ಕೂಡಿಸಾಕ ಬರಂಗಿಲ್ಲ, ಕಟ್ಟಬೇಕು. ಇನ್ನೊಂದು ನಾಳದಾಗ ರಕ್ತ ಹರಿದ್ರ ಕೈ ಉಳೀತೈತಿ. ಇಲ್ಲಂದ್ರ ಕೈ ತೆಗೀಬೇಕಾಗ್ತೈತಿ. ಹೂಂ ಅಂತೀರೇನು?"

ಒಳಗಿನಿಂದ ಅತ್ತಿಗೆಯೇ ಕೂಗಿದಳು, "ಕೈ ನಂದೈತ್ರಿ, ನನ್ನ ಕೇಳ್ರಿ. ಕಟ್ರಿ. ಕಡಿಯೂ ಮಾತು ಆಮ್ಯಾಲ."

ಕಟ್ಟಿದರು. ಬೆರಳುಗಳು ಸುಣ್ಣದಂತೆ ಬಿಳಿಚಿದ್ದವು, ಮುಟ್ಟಿದರೆ ತಣ್ಣಗೆ. ಡಾಕ್ಟರು ಕುರ್ಚಿ ಎಳೆದುಕೊಂಡು ಉಗುರುಗಳನ್ನೇ ನೋಡುತ್ತ ಕೂತರು. ಅತ್ತಿಗೆ ಗೋಡೆಯತ್ತ ಮುಖ ಮಾಡಿದ್ದಳು. ಬಿಸಿಲು ಇಳಿಯುತ್ತ ಬಂದರೂ ಬಣ್ಣ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಕಂಪೌಂಡರು ಕತ್ತರಿ, ಚಾಕು ಕುದಿಯಲು ಇಟ್ಟ ಸದ್ದು ಕೇಳಿಸಿತು.

"ಕಿರಿಬೆರಳು ಚುಮುಚುಮು ಅನ್ನಾಕತ್ತೈತ್ರಿ..." ಅತ್ತಿಗೆ ಮೆಲ್ಲಗೆ ಅಂದಳು.

ಡಾಕ್ಟರು ಉಗುರು ಅದುಮಿ ಬಿಟ್ಟರು. ನಸುಗೆಂಪು ಮೂಡಿತು. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

ಚಳಿಗಾಲದಲ್ಲಿ ಆ ಕೈ ಜೋಮು ಹಿಡಿಯುತ್ತಿತ್ತು. ಆದರೂ ಅವಳು ಮಗ್ಗ ಬಿಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳು ಹಾಸಿಗೆ ಹಿಡಿದಾಗ, ಮನೆಗೆ ಬಂದ ವೈದ್ಯರು ಎಡಗೈ ಹಿಡಿದು ನೋಡಿ ತಲೆಯಾಡಿಸಿದರು. "ಆ ಕೈಯಾಗ ಮೊದಲಿಂದ ನಾಡಿ ಸಿಗಂಗಿಲ್ರಿ, ಬಲಗೈ ನೋಡ್ರಿ" ಎಂದೆ. ಅವರು ಬಲಗೈಯನ್ನೂ ಹಿಡಿದರು. ಬಹಳ ಹೊತ್ತು ಹಿಡಿದಿದ್ದು, ಮೆಲ್ಲಗೆ ಅವಳ ಎದೆಯ ಮೇಲಿಟ್ಟರು...

"ಹೆದರಿಕಿ ಆಗಾಕತ್ತೈತೇನ್ರಿ?" ನನ್ನ ಮಣಿಕಟ್ಟು ಬಿಡದೆ ತರುಣ ಡಾಕ್ಟರು ಕೇಳಿದರು. ಹೌದೆಂದೆ.

"ಜೋಡಿ ಯಾರು ಬಂದಾರ್ರಿ?"

"ಮಗ ಹೊರಗ ಕುಂತಾನ್ರಿ" ಎಂದೆ. ಅತ್ತಿಗೆಯ ಹೆಸರನ್ನೂ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ.