ಅಟ್ಟಣಿಗೆಗೆ ಅಪ್ಪಣೆ

ನಾನು ಎಳೆದ ನಕ್ಷೆಗಳಲ್ಲಿ ಪುರಸಭೆಯ ಮೊಹರು ಬಿದ್ದದ್ದು ಒಂದಕ್ಕೆ ಮಾತ್ರ. ಅದರ ಪ್ರಕಾರ ಕಟ್ಟಿದ್ದರ ಮೇಲೆ ಕಾಲಿಡಲು ಹತ್ತು ವರ್ಷ ನನಗೇ ಅಪ್ಪಣೆ ಇರಲಿಲ್ಲ. ಇದನ್ನು ಹೇಳಿದರೆ ಗೆಳೆಯರು ನಗುತ್ತಾರೆ. ನೀವೂ ನಗಬಹುದು, ನನ್ನದೇನೂ ಅಭ್ಯಂತರವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹರಿಹರದಲ್ಲಿ ನಮ್ಮ ಮನೆ ಹೊಳೆದಂಡೆಯ ದಿಬ್ಬದ ಮೇಲಿತ್ತು. ಮುಂಬಾಗಿಲು ಬೀದಿಗೆ ಸಮ. ಹಿತ್ತಲ ಬಾಗಿಲು ತೆರೆದರೆ ನೆಲ ಜಾರಿಕೊಂಡು ತುಂಗಭದ್ರೆಯ ಕಡೆ ಹೋಗಿಬಿಡುತ್ತಿತ್ತು. ಅವ್ವ ದಿನಾ ಬೆಳಿಗ್ಗೆ ಆ ಇಳಿಜಾರಿನಲ್ಲೇ ಹೊಳೆಗೆ ಹೋಗಿ ಬರುತ್ತಿದ್ದಳು. ಒಂದು ಮಳೆಗಾಲ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮೂಳೆಯೇನೋ ಕೂಡಿತು, ಆದರೆ ಇನ್ನು ಇಳಿಯುವುದು ಹತ್ತುವುದು ಕೂಡದು ಎಂದರು ಡಾಕ್ಟರು. ಅಲ್ಲಿಂದಾಚೆ ಹಿತ್ತಲ ಬಾಗಿಲಲ್ಲಿ ಕೂತ ಅವ್ವನಿಗೆ ಕಾಣುತ್ತಿದ್ದುದು ಪಕ್ಕದ ಮನೆಯ ಕಡೆಯ ನಡುಗೋಡೆ ಮತ್ತು ಅದರ ಮೇಲಿನ ಬೆಕ್ಕು.

ತನಗಾಗಿ ಏನನ್ನೂ ಕೇಳಿದವಳಲ್ಲ. ಒಂದು ದಿನ ಅಪ್ಪನಿಗೆ, "ನನಗೊಂದು ಅಟ್ಟಣಿಗೆ ಹಾಕ್ಸಿಕೊಡ್ರಿ. ಹೊಳಿ ಕಂಡ್ರೆ ಸಾಕು," ಎಂದಳು.

ಅವ್ವ ಕುಕ್ಕುವಾಡದವಳು. ಜೋಳದ ಹೊಲದ ನಡುವೆ ನಾಲ್ಕು ಗೂಟದ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲಿ ಕೂತು, ಕವಣೆ ಬೀಸಿ ಹಕ್ಕಿ ಓಡಿಸುತ್ತ ಬೆಳೆದವಳು. "ಹೊಲ ಇಲ್ಲ, ತೆನಿ ಇಲ್ಲ, ಊರಾಗ ಕೂತು ಏನು ಕಾಯ್ತೀಯೆ?" ಎಂದು ಅಪ್ಪ ರೇಗಿಸಿದ. ರೇಗಿಸಿದವನೇ ಮರುದಿನ ಮತ್ತಿ ಮರದ ಹಲಗೆ ತರಿಸಿ ಹಿತ್ತಲಲ್ಲಿ ಒಟ್ಟಿಸಿದ.

ಕೂರುವ ಜಾಗಕ್ಕೆ ನಮ್ಮಲ್ಲಿ ಹೆಸರುಗಳಿಗೇನು ಬರವೇ? ಜಗಲಿ, ಕಟ್ಟೆ, ಪಡಸಾಲೆ, ಮಾಳಿಗೆ, ಉಪ್ಪರಿಗೆ. ಜಗಲಿಯ ಮುಖ ಬೀದಿಗೆ, ಅಲ್ಲಿ ಕೂತು ಲೋಕದ ನ್ಯಾಯ ತೀರಿಸುವವರು ಗಂಡಸರು. ಮನೆಯ ಹಿಂದೆ ಸುಮ್ಮನೆ ಕೂರಲೆಂದೇ ಇರುವ ಜಾಗಕ್ಕೆ ಮಾತ್ರ ಒಂದು ಹೆಸರು ಸಿಗುವುದಿಲ್ಲ. ಹಿಂದೆ ಇದ್ದವರು ಹೆಂಗಸರು. ಅವರು ಸುಮ್ಮನೆ ಕೂರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲವೋ ಏನೋ. ಅದಕ್ಕೇ ಅವ್ವ ಹೊಲದ ಹೆಸರನ್ನೇ ಊರಿಗೆ ತಂದಳು.

ನಾನಾಗ ದಾವಣಗೆರೆಯಲ್ಲಿ ಸಿವಿಲ್ ಡಿಪ್ಲೊಮಾ ಎರಡನೆಯ ವರ್ಷ. ಬೆಳಗಿನ ರೈಲಿನಲ್ಲಿ ಟಿ-ಸ್ಕ್ವೇರನ್ನು ಗದೆಯ ಹಾಗೆ ಹಿಡಿದು ನಿಲ್ಲುತ್ತಿದ್ದ ಕಾಲ. ನಕ್ಷೆ ನಾನೇ ಬರೆಯುತ್ತೇನೆಂದೆ. ಹಿತ್ತಲ ಬಾಗಿಲಿನ ಮಟ್ಟಕ್ಕೇ, ನಡುಗೋಡೆಯ ಕೊನೆಯವರೆಗೂ ಚಾಚಿದ ಹಲಗೆ ಹಾಸು, ಕೆಳಗೆ ಕಂಬ. ಅವ್ವ ಒಂದು ಮೆಟ್ಟಿಲನ್ನೂ ಹತ್ತದೆ ನೇರ ನಡೆದುಹೋಗಬಹುದು. ಇಷ್ಟಕ್ಕೇ ಬಿಟ್ಟಿದ್ದರೆ ನಾನು ಜಾಣ. ಅವ್ವ ಕೂತ ಕಡೆಯಿಂದ ಏನೇನು ಕಾಣುತ್ತದೆಂದು ತೋರಿಸಲು ಕೆಂಪು ಶಾಯಿಯಲ್ಲಿ ಚುಕ್ಕಿಗೆರೆಗಳನ್ನೂ ಎಳೆದೆ.

ಪುರಸಭೆಯ ಓವರ್ಸಿಯರು ಸಮಾಧಾನದ ಮನುಷ್ಯ. ಕನ್ನಡಕ ಏರಿಸಿ ನೋಡಿದರು.

"ಈ ಚುಕ್ಕಿ ಏನಪ್ಪಾ?"

"ದೃಷ್ಟಿರೇಖೆ, ಸಾರ್."

"ಭಾಳ ಚಲೋ ಐತೆ." ಒಂದು ಗೆರೆಯ ಮೇಲೆ ಬೆರಳಿಟ್ಟರು. "ಇದು ಪಕ್ಕದ ಮನಿ ಹಿತ್ತಲ ಬಾಗಿಲ ಮೇಲೆ ಹಾದು ಹೋಗ್ತೈತಲ್ಲ. ಅವರ ಒಪ್ಪಿಗೆ ಬರೆಸ್ಕೊಂಡು ಬಾ."

ಪಕ್ಕದ ಮನೆ ಬಡಗಿ ಇಮಾಮ್ ಸಾಬರದು. ಅಟ್ಟಣಿಗೆ ಕಟ್ಟಬೇಕಾದವರೂ ಅವರೇ. ಅಪ್ಪನೊಂದಿಗೆ ಇಪ್ಪತ್ತು ವರ್ಷದ ಸ್ನೇಹ. ಆದರೆ ಅಪ್ಪ ಒಯ್ದ ಕಾಗದ ನೋಡಿ ತಲೆ ತಗ್ಗಿಸಿದರು. "ಹಲಗಿ ನಾನೇ ಹೊಡೀತೀನಿ ಅಣ್ಣಾರೆ. ಸಹಿ ಮಾತ್ರ ಕೇಳಬ್ಯಾಡ್ರಿ. ಹಿತ್ತಲಾಗ ನಮ್ಮ ಹೆಂಗಸ್ರು ತಿರುಗಾಡ್ತಾರೆ."

ಅವರು ಹೇಳಿದ್ದು ನ್ಯಾಯವೇ. ಆದರೂ ಅಪ್ಪ ಮುಖ ಗಂಟು ಹಾಕಿಕೊಂಡು ಬಂದ. ಜಗಲಿಯ ಮೇಲೆ ಇಬ್ಬರೂ ಕೂಡಿ ಕುಡಿಯುತ್ತಿದ್ದ ಸಂಜೆಯ ಚಹಾ ನಿಂತಿತು. ಮೂರು ವಾರ ಹಲಗೆಗಳು ಬಿಸಿಲು ಕಾಯುತ್ತ ಬಿದ್ದವು. ನನಗೆ ಆ ಕೆಂಪು ಶಾಯಿಯನ್ನು ಕುಡಿದುಬಿಡಬೇಕೆನ್ನಿಸುತ್ತಿತ್ತು. ಅವ್ವನ ಹೊಳೆಯೂ ಹೋಯಿತು, ನೆರೆಮನೆಯೂ ಹೋಯಿತು, ಎರಡಕ್ಕೂ ನಾನೇ ಕಾರಣ.

ಕಡೆಗೆ ಅವ್ವನೇ ಕೋಲೂರಿಕೊಂಡು ನಡುಗೋಡೆಯ ಹತ್ತಿರ ಹೋಗಿ ಸಾಬರ ಹೆಂಡತಿ ಮಾಬಮ್ಮನನ್ನು ಕರೆದಳು. ನಾವು ಅವರನ್ನು ಚಿಕ್ಕಮ್ಮ ಎನ್ನುವುದರ ಬದಲು ಅವರ ಮನೆಯವರಂತೆ ಖಾಲಾ ಎನ್ನುತ್ತಿದ್ದೆವು.

"ನೀನು ಬ್ಯಾಡ ಅಂದ್ರೆ ಬ್ಯಾಡ ಮಾಬಮ್ಮ. ಆದ್ರೆ ನಿನ್ನ ಬಾಯಾಗ ಕೇಳ್ಬೇಕು ನಾನು."

"ನನ್ನ ಯಾರು ಕೇಳಿದ್ರು ಅಕ್ಕಾ?" ಖಾಲಾ ದನಿಯಲ್ಲಿ ಸಿಟ್ಟಿತ್ತು. "ಗಂಡಸ್ರು ಗಂಡಸ್ರೇ ಕಾಗದ ಹಿಡ್ಕೊಂಡು ತಿರುಗಿದ್ರು. ಹಿತ್ತಲು ನಂದಲ್ಲೇನು? ನೀನು ಕೂಡು. ನಮ್ಮ ಕಡಿಗೂ ಎರಡು ಮೆಟ್ಟಲು ಇಡಿಸು, ನಾನೂ ಬಂದು ಕೂಡ್ತೀನಿ. ಗಂಡಸ್ರು ಮಾತ್ರ ಹತ್ತಬಾರ್ದು. ನಿಮ್ಮೋರೂ ಹತ್ತಬಾರ್ದು, ನಮ್ಮೋರೂ ಹತ್ತಬಾರ್ದು."

ಆ ಒಪ್ಪಿಗೆಯನ್ನು ಷರತ್ತಿನ ಸಮೇತ ನಾನೇ ಬರೆದೆ. ಖಾಲಾ ಓದಿಸಿ ಕೇಳಿ, ಉರ್ದುವಿನಲ್ಲಿ ಸಹಿ ಹಾಕಿದರು. ಓವರ್ಸಿಯರು ಎರಡು ಸಲ ಓದಿದರು. "ನನ್ನ ಸರ್ವೀಸಿನಾಗ ಇಂಥಾದ್ದು ನೋಡಿಲ್ಲ," ಎಂದು ಮೊಹರು ಒತ್ತಿದರು.

ಇಮಾಮ್ ಸಾಬರು ನಾಲ್ಕೇ ದಿನದಲ್ಲಿ ಕೆಲಸ ಮುಗಿಸಿ, ಕೊನೆಯ ಮೊಳೆ ಹೊಡೆದು ಕೆಳಗಿಳಿದವರು ಮತ್ತೆ ಹತ್ತಲಿಲ್ಲ. ಅಪ್ಪನೂ ಹತ್ತಲಿಲ್ಲ. ಇಬ್ಬರೂ ಜಗಲಿಯ ಮೇಲೆ ಚಹಾ ಕುಡಿಯುತ್ತ, ಹಿಂದಿನಿಂದ ಕೇಳಿಬರುವ ನಗುವಿಗೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹೊಸ ನೀರು ಬಂದಾಗ ಹೊಳೆ ಹೇಗೆ ಕಾಣುತ್ತದೆಂದು ನಾನು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. ಅವ್ವ ಕಡಲೆಕಾಯಿ ಸುಲಿಯುತ್ತ, "ಕೆಂಪಗೈತೆ," ಎಂದಷ್ಟೇ ಹೇಳುತ್ತಿದ್ದಳು.

ಎಂಬತ್ತರ ದಶಕದ ಕೊನೆಯಲ್ಲಿ ಅವ್ವ ತೀರಿಕೊಂಡಳು. ನೆಂಟರೆಲ್ಲ ಹೋದ ಮೇಲೆ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಟ್ಟಣಿಗೆಯ ಮೇಲೆ ಖಾಲಾ ಒಬ್ಬರೇ ಇದ್ದರು.

"ಬಾರಪ್ಪಾ, ಕೂಡು. ಆಕಿ ಜಾಗ ಖಾಲಿ ನೋಡಕ್ಕಾಗವಲ್ದು."

ಹೋಗಿ ಅವ್ವನ ಮಣೆಯ ಮೇಲೆ ಕೂತೆ. ತಲೆಯೆತ್ತಿ ನೋಡಿದರೆ ಹೊಳೆಯೇ ಇಲ್ಲ. ಖಾಲಾ ಹಿತ್ತಲಿನ ಬೇವು ಬೆಳೆದು ಆ ಕಡೆಯನ್ನೆಲ್ಲ ಮುಚ್ಚಿತ್ತು.

"ಹೊಳಿ ಎಲ್ಲಿ ಖಾಲಾ?"

"ಅದು ಕಾಣದಂಗಾಗಿ ಐದಾರು ವರ್ಷ ಆತು. ಟೊಂಗಿ ಕಡಿಸ್ಲಾ ಅಂತ ಕೇಳ್ದೆ. ಬಿಡೇ, ನೆಳ್ಳೈತೆ, ಅಂದ್ಲು ನಿಮ್ಮವ್ವ."

ಆ ಮಣೆಯಿಂದ ಅಡ್ಡಿಯಿಲ್ಲದೆ ಕಾಣುತ್ತಿದ್ದುದು ಒಂದೇ, ಖಾಲಾ ಮನೆಯ ಹಿತ್ತಲ ಬಾಗಿಲು. ಓವರ್ಸಿಯರು ಬೆರಳಿಟ್ಟು ತೋರಿಸಿದ ಗೆರೆ ಅದೇ.