ದಾರದವ್ವ

ವಳಸಂಗದ ಶಿದ್ರಾಯ, ಅಂದರೆ ನನ್ನ ತಾಯಿಯ ಅಪ್ಪ, ಕತ್ತಲಲ್ಲಿ ದುಡಿದು ಬೆಳಕಿನಲ್ಲಿ ಉಂಡ ಮನುಷ್ಯ. ಊರಾಚೆಯ ಗುಡ್ಡದ ಗವಿಯಿಂದ ಬಾವಲಿಯ ಹಿಕ್ಕೆ ತುಂಬಿ ತಂದು ಹೊಲಗಳಿಗೆ ಹಾಕುವುದು ಅವರ ಮನೆತನದ ಕೆಲಸ. ಆ ಗೊಬ್ಬರ ಬೀಳದಿದ್ದರೆ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೇ ನಿಲ್ಲುತ್ತದೆ ಎಂದು ಊರೆಲ್ಲ ನಂಬಿತ್ತು. ಗವಿಯಲ್ಲಿ ಹಿಂದೆಂದೋ ಸಿದ್ಧನೊಬ್ಬ ತಪಸ್ಸಿಗೆ ಕೂತಿದ್ದನಂತೆ. ಹಾಗಾಗಿ ಒಳಗೆ ಬೆಂಕಿ ಒಯ್ಯಬಾರದು. ಕಂದೀಲು ಇಲ್ಲ, ಬೀಡಿಯೂ ಇಲ್ಲ. ಬಾವಲಿಗಳು ಮರಿಹಾಕುವ ಬೇಸಿಗೆಯಲ್ಲಿ ಕಾಲಿಡುವಂತೆಯೂ ಇಲ್ಲ. ಮರಿಗಳು ಹಾರಲು ಕಲಿತ ಮೇಲೆ, ಶ್ರಾವಣದಲ್ಲಿ, ಅಜ್ಜ ಚೀಲ ಹೆಗಲಿಗೇರಿಸಿ ತೆವಳುತ್ತ ಇಳಿಯುತ್ತಿದ್ದ.

ಮೂವತ್ತು ವರ್ಷ ಅವನು ಆ ಗವಿಯನ್ನು ಕೈಯಿಂದಲೇ ನೋಡಿದ. ಹಿಕ್ಕೆಯ ರಾಶಿ ಬೆಚ್ಚಗಿರುತ್ತಿತ್ತು, ಆಗಷ್ಟೇ ದನ ಎದ್ದುಹೋದ ನೆಲದ ಹಾಗೆ. ಅದರೊಳಗೆ ಲೆಕ್ಕವಿಲ್ಲದ ಹುಳಗಳು ಸರಿದಾಡುವುದು ಬೆರಳಿಗೆ ತಿಳಿಯುತ್ತಿತ್ತು. ಮೈಗಿಂತ ಉದ್ದ ಮೀಸೆಯ ಮಿಡತೆಗಳು ಮೊಣಕೈ ಮೇಲಿಂದ ಜಿಗಿಯುತ್ತಿದ್ದವು. ತೀರ ಒಳಗೆ, ನೀರು ಜಿನುಗುವಲ್ಲಿ, ಉಗುರಿಗಿಂತ ಸಣ್ಣ ಮೆತ್ತನೆಯ ಜೀವಗಳು ಕಲ್ಲಿಗೆ ಅಂಟಿಕೊಂಡಿದ್ದವು. ತಲೆಯ ಮೇಲೆ ಸಾವಿರ ಬಾವಲಿಗಳ ಉಸಿರು. ಅಲ್ಲಿ ಹೊತ್ತೆಂಬುದೇ ಇಲ್ಲ, ಒಳಗಿದ್ದಷ್ಟು ಕಾಲ ವಯಸ್ಸು ನಿಂತುಬಿಡುತ್ತದೆ ಎಂದು ಅಜ್ಜ ಹೇಳುತ್ತಿದ್ದ. ನಾನು ಈಗಲೂ ಅರ್ಧ ನಂಬುತ್ತೇನೆ.

ಅಲ್ಲಿ ಅವನಿಗೆ ಎಲ್ಲರಿಗಿಂತ ಹತ್ತಿರದವಳು ದಾರದವ್ವ. ಬಲಗಡೆಯ ಸಂದಿಗೆ ಕೈ ಊರಿದರೆ ಸಾಕು, ನೂಲಿನಂಥದ್ದೊಂದು ಬಂದು ಮುಂಗೈ ಮುಟ್ಟುತ್ತಿತ್ತು. ಹಿಂದೆ ಸರಿದು ಮತ್ತೆ ಮುಟ್ಟುತ್ತಿತ್ತು, ಆಮೇಲೆ ದಾರಿ ಬಿಡುತ್ತಿತ್ತು. “ಅಕಿ ಮುಟ್ಟಿ ಗುರ್ತು ಹಿಡೀತಾಳ. ಅಲ್ಲೀತನಕ ಕೈ ಅಳ್ಳಾಡಸಬ್ಯಾಡ,” ಎಂದು ಅವನಪ್ಪ ಕಲಿಸಿದ್ದ. ಉಣ್ಣೆ ನೂಲುವ ಮುದುಕಿಯೊಬ್ಬಳು ಸಂದಿಯಲ್ಲಿ ಕೂತು, ಬಂದವರನ್ನು ವಿಚಾರಿಸಿ ಒಳಗೆ ಬಿಡುತ್ತಾಳೆ ಎಂದೇ ಅಜ್ಜ ಭಾವಿಸಿದ್ದ. ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಅವಳಿಗೆ ಹೇಳಿಕೊಳ್ಳುತ್ತಿದ್ದ.

ಸಾವಿರದ ಒಂಬೈನೂರ ಐವತ್ಮೂರರ ಶ್ರಾವಣದಲ್ಲಿ ಸಂಖ ಊರಿನ ಶಾಲೆಯಿಂದ ಸೋಮನಿಂಗಪ್ಪ ಮಾಸ್ತರರು ಬಂದರು. ಅವರಿಗೆ ಹುಳಹುಪ್ಪಟೆ ನೋಡುವ ಹುಚ್ಚು. ಕೈಯಲ್ಲಿ ಬ್ಯಾಟರಿ ಇತ್ತು.

“ಒಳಗ ಬೆಂಕಿ ಒಯ್ಯೂಹಂಗಿಲ್ಲರಿ ಮಾಸ್ತರ,” ಎಂದ ಅಜ್ಜ.

“ಇದು ಬೆಂಕಿ ಹೆಂಗಾಗತೈತಿ ಕಾಕಾ? ಮುಟ್ಟಿ ನೋಡ್ರಿ.”

ಅಜ್ಜ ಗಾಜಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಊರ ಹಿರಿಯರೂ ಒಬ್ಬೊಬ್ಬರಾಗಿ ಮುಟ್ಟಿ, ಸುಡದೇ ಇರುವುದು ಬೆಂಕಿಯಲ್ಲ ಎಂದು ತೀರ್ಪು ಕೊಟ್ಟರು. ಎಂಥ ಜಾಣರು ನಮ್ಮವರು! ಬೆಳಕಿನ ಮಾತನ್ನು ಯಾರೂ ಎತ್ತಲೇ ಇಲ್ಲ.

ಇಬ್ಬರೂ ಒಳಗಿಳಿದರು. ಅಜ್ಜ ಸಂದಿಗೆ ಕೈ ಊರಿದ, ದಾರ ಬಂದು ಮುಟ್ಟಿತು, ಮಾಸ್ತರರು ಬೆಳಕು ಬಿಟ್ಟರು.

ಅಂಗೈಯಗಲದ, ಚಪ್ಪಟೆಯಾದ ಕರಿ ಜೀವ. ಎಂಟು ಕಾಲು, ಮುಂದೆ ಮುಳ್ಳುಮುಳ್ಳಾದ ಎರಡು ಇಕ್ಕಳ, ಬೆನ್ನ ತುಂಬ ಬಿಳಿ ಮರಿಗಳು. ದಾರವೆಂದರೆ ಅದರ ಉದ್ದನೆಯ ಮುಂಗಾಲು. ಅಜ್ಜ ಚೀರಿ ಕೈ ಎಳೆದುಕೊಂಡ.

“ಅಂಜಬ್ಯಾಡ್ರಿ ಕಾಕಾ, ವಿಷ ಇಲ್ಲ. ಜೇಡದ ಬಳಗದ್ದು. ಕಣ್ಣು ಮಬ್ಬು, ಆ ಕಾಲಿಂದನ ಎಲ್ಲಾ ನೋಡತೈತಿ,” ಎಂದು ಮಾಸ್ತರರು ಹಿಗ್ಗಿನಿಂದ ಹೇಳುತ್ತಲೇ ಇದ್ದರು. ಅಜ್ಜ ಆಗಲೇ ಹೊರಗೆ ಬಿಸಿಲಿನಲ್ಲಿ ಕೂತು ಮುಂಗೈ ಒರೆಸಿಕೊಳ್ಳುತ್ತಿದ್ದ.

ಆಮೇಲೆ ಮೂರು ದಿನ ಗವಿಯ ಬಾಯಿತನಕ ಹೋಗಿ ಖಾಲಿ ಚೀಲ ಹಿಡಿದು ಹಿಂತಿರುಗಿದ. ಕೈ ಒಳಗೆ ಚಾಚಲು ಆಗಲೇ ಇಲ್ಲ. ಬಿತ್ತನೆಗೆ ಹೆಚ್ಚು ದಿನ ಉಳಿದಿರಲಿಲ್ಲ, ಊರವರು ಬಂದು ಬಂದು ಕೇಳುತ್ತಿದ್ದರು. ಆದರೆ ಅಜ್ಜನನ್ನು ಕೊರೆದದ್ದು ಗೊಬ್ಬರದ ಚಿಂತೆಯಲ್ಲ. ಮೂವತ್ತು ವರ್ಷ ತನ್ನ ಮಾತು ಕೇಳಿದವಳು ಇಲ್ಲವಾದಳೆಂದು ಅವನು ಊಟ ಬಿಟ್ಟಿದ್ದ.

ನಾಲ್ಕನೆಯ ಬೆಳಿಗ್ಗೆ ಅಜ್ಜಿ ಮಲಕವ್ವ ಚೀಲ ತಂದು ಅವನ ಮುಂದೆ ಒಗೆದಳು. ಅಜ್ಜನ ಮುಖದ ತುಂಬ ಸಿಡುಬಿನ ಕಲೆ. ಒಂದು ರೆಪ್ಪೆ ಎಳೆದುಕೊಂಡಿತ್ತು. ಆಗೆಲ್ಲ ಹೆಣ್ಣು ಗಂಡಿನ ಮುಖ ಕಾಣುತ್ತಿದ್ದದ್ದು ಮದುವೆಯಲ್ಲಿ ಅಕ್ಕಿಕಾಳು ಬಿದ್ದು ನಡುವಿನ ಅಂತರಪಟ ಸರಿದ ಮೇಲೆಯೇ.

“ಅಂತರಪಟ ಸರದಾಗ ನಿಮ್ಮ ಮಾರಿ ನೋಡಿ ನಾನೂ ಚೀರಿದ್ದೆ. ನೆನಪೈತೇನ್ರಿ?”

ಅಜ್ಜ ಚೀಲವನ್ನು ಬದಿಗೆ ಸರಿಸಿದ.

“ಎದ್ದು ಓಡಿ ಹೋದೆನೇನು? ಆ ಬ್ಯಾಟರಿ ಬೆಳಕಿನ್ಯಾಗ ನೀವೂ ಅಕಿಗಿ ಕಂಡಿರ್ತೀರಿ. ಮಕ್ಕಳನ್ನ ಹೊತ್ತಾಕಿ, ಪಾಪ, ಎಷ್ಟ ಅಂಜ್ಯಾಳೋ ಏನೋ. ಲಗೂನ ಹೋಗಿ ಮಾತಾಡಸ್ರಿ.”

ಅವಳೂ ಜೊತೆಗೆ ನಡೆದು ಗವಿಯ ಬಾಯಲ್ಲಿ ಕೂತಳು. ಅಜ್ಜ ತೆವಳುತ್ತ ಇಳಿದು ಸಂದಿಗೆ ಕೈ ಊರಿದ. ದಾರ ಬಂತು. ಕೈ ಅಲುಗಿತು, ದಾರ ಸರಿದುಹೋಯಿತು. “ನಾನವ್ವಾ, ಶಿದ್ರಾಯ,” ಎಂದ. ಬಹಳ ಹೊತ್ತು ಏನೂ ಬರಲಿಲ್ಲ. ಅವನು ಕೈ ತೆಗೆಯಲಿಲ್ಲ.

ಮೊದಲ ಚೀಲ ಹೊತ್ತು ಹೊರಬಂದಾಗ ಅಜ್ಜಿ ಕೇಳಿದಳು, “ಮುಟ್ಟಿದ್ಳೇನ್ರಿ?”

ಅಜ್ಜ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

“ಮುಟ್ಟಿದ್ಳು. ಆಮ್ಯಾಲ ನಾನ ನನ್ನ ಮಾರಿ ಸಂದಿಗಿ ಹಿಡದೆ. ಒಂದೊಂದ ಸಿಡಬಿನ ಕಲಿ ಮುಟ್ಟಿ ಮುಟ್ಟಿ ನೋಡಿದ್ಳು.”